ಮುರಕಲ್ಲಿನ ನೆಲದಲ್ಲಿ ಸೀಡ್‌ಲೆಸ್ ಕಿತ್ತಳೆ: ನನ್ನ ಅನುಭವ

ಘಟ್ಟದ ಕೆಳಗೆ ಕಿತ್ತಳೆ ಆಗುವುದಿಲ್ಲ, ಆದರೂ ಹಣ್ಣು ಬರೀ ಹುಳಿ, ಸೀಡ್‌ಲೆಸ್ ಎಂಬುದಂತೂ ನರ್ಸರಿಯವರ ಬುರುಡೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಎಲ್ಲರೂ ಹೇಳುವ ಮಾತು ಇದೇ. ಕಳೆದ ಬೆಳೆಯಲ್ಲಿ ನನ್ನ ಒಂದು ಮರದಿಂದ ಅಂದಾಜು 15 ಕಿಲೋ ಸಿಕ್ಕಿತು. ಬೀಜ ಹುಡುಕಿಕೊಡಿ ಎಂದು ಹಣ್ಣು ಸುಲಿದು ಕೊಟ್ಟರೆ ಈಗ ಯಾರೂ ಮಾತಾಡುವುದಿಲ್ಲ. ತಳಿ ಡಬ್ಲ್ಯೂ ಮರ್ಕಾಟ್, ಮೊರಾಕ್ಕೋದ ಅಫೂರೆರ್ ಎಂದು ಕರೆಯುವುದೂ ಇದನ್ನೇ.

ಮೊದಲು ಗುಂಡಿಯ ವಿಷಯ. ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ನೆಲದಲ್ಲಿ) ಗುಂಡಿ ತೋಡಿ ನೆಟ್ಟರೆ ಆಟಿಯ (ಜುಲೈ, ಆಗಸ್ಟ್) ಮಳೆಗೆ ಅದು ನೀರಿನ ಟ್ಯಾಂಕಿಯೇ. ಬೇರು ಕೊಳೆತು ಎಲೆ ಹಳದಿಯಾಗುವಾಗ ನಾವು ಗೊಬ್ಬರ ಸಾಲದು ಎಂದುಕೊಂಡು ಇನ್ನಷ್ಟು ಹಾಕುತ್ತೇವೆ, ಗಿಡ ಇನ್ನೂ ಬೇಗ ಹೋಗುತ್ತದೆ. ನಾನು ಗುಂಡಿಯೇ ತೋಡಿಲ್ಲ. ನೆಲವನ್ನು ಪಿಕಾಸಿನಿಂದ ಕೆದಕಿ, ಅದರ ಮೇಲೆ ಎರಡೂವರೆ ಅಡಿ ಎತ್ತರ, ಆರು ಅಡಿ ಅಗಲದ ದಿಬ್ಬ ಮಾಡಿದ್ದು. ಮೇಲ್ಮಣ್ಣು, ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ, ಸ್ವಲ್ಪ ಹೊಯ್ಗೆ (ಮರಳು). ಇನ್ನೊಂದು ವಸ್ತುವೂ ಉಂಟು, ಅದು ನನ್ನಲ್ಲೇ ಇರಲಿ. ದಿಬ್ಬದ ಸುತ್ತ ಕಣಿ (ಸಣ್ಣ ಕಾಲುವೆ) ತೆಗೆದು ನೀರನ್ನು ಇಳಿಜಾರಿಗೆ ಬಿಡಬೇಕು. ಕಸಿಯ ಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಲಿ.

ದೂರದಿಂದ ಲಾರಿಯಲ್ಲಿ ಬರುವ ಗಿಡಗಳ ಬೇರಿನ ಸುತ್ತ ಜೇಡಿಮಣ್ಣಿನ ಉಂಡೆ ಇರುತ್ತದೆ. ಅದನ್ನು ಹಾಗೆಯೇ ನೆಟ್ಟರೆ ಬೇರು ಉಂಡೆಯಿಂದ ಹೊರಗೆ ಬರುವುದೇ ಇಲ್ಲ. ಬಕೆಟಿನ ನೀರಿನಲ್ಲಿ ನೆನೆಸಿ ಮುಕ್ಕಾಲು ಪಾಲು ಕರಗಿಸಿ, ಕೂಡಲೇ ನೆಡಬೇಕು. ನಾಲ್ಕೈದು ಎಲೆ ಉದುರಿದರೆ ಹೆದರಬೇಡಿ.

ಕಸಿ ಕಟ್ಟಿದ ಬುಡದ ಗಿಡ ಯಾವುದೆಂದು ಕೇಳಿಯೇ ಕೊಳ್ಳಿ. ಜಂಬೇರಿ ನಿಂಬೆಯ ಮೇಲೆ ಕಸಿ ಮಾಡಿದ್ದು ಬೇಗ ಬೆಳೆಯುತ್ತದೆ, ಆದರೆ ನಮ್ಮ ಮಳೆಗೆ ಬುಡಕೊಳೆ ಬೇಗ, ಹಣ್ಣೂ ಸಪ್ಪೆ. ಮೂರೆಲೆ ಕಿತ್ತಳೆ ಅಥವಾ ಅದರ ಮಿಶ್ರತಳಿ ಕ್ಯಾರಿಜೋ ಆದರೆ ನಿಧಾನ, ಆದರೆ ನಂಬಬಹುದು. ಗಂಟಿನ ಕೆಳಗೆ ಮೂರು ಮೂರು ಎಲೆಯ ಚಿಗುರು ಬಂದರೆ ಎಳೆಯದಿರುವಾಗಲೇ ಬೆರಳಿನಿಂದ ಉಜ್ಜಿ ತೆಗೆಯಿರಿ. ಮೇಲಿನ ಕಸಿ ಸತ್ತು ಈ ಚಿಗುರೇ ಗಿಡವಾದದ್ದನ್ನು ಕಿತ್ತಳೆ ಎಂದು ಸಾಕುತ್ತಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಬುಡದಲ್ಲಿ ಜೇನಿನ ಬಣ್ಣದ ಅಂಟು ಕಂಡರೆ ತೊಗಟೆಯನ್ನು ಹಸಿರು ಕಾಣುವವರೆಗೆ ಕೆರೆದು ಬೋರ್ಡೋ ಮುಲಾಮು ಹಚ್ಚಬೇಕು. ಒಂದು ಮರಕ್ಕೆ 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು ಧಾರಾಳ. ಅಂಟು ಕಾಣದಿದ್ದರೂ ಮಳೆಗೆ ಮೊದಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಬುಡದಿಂದ ಎರಡಡಿ ಹಚ್ಚುತ್ತೇನೆ. ಅಡಿಕೆಗೆ ಮದ್ದು ಬಿಡುವ ದಿನ ಉಳಿದ ಬೋರ್ಡೋ ದ್ರಾವಣ ಇದರ ಎಲೆಗೂ ಆಗುತ್ತದೆ. ದ್ರಾವಣದಲ್ಲಿ ಅದ್ದಿದ ಕತ್ತಿಯ ತುದಿ ಕೆಂಪಾಗದ ಹಾಗೆ ಸುಣ್ಣ ಸರಿಯಾಗಿರಬೇಕು, ಇಲ್ಲದಿದ್ದರೆ ಚಿಗುರು ಸುಡುತ್ತದೆ. ನಮ್ಮ ಮಣ್ಣು ಹುಳಿ, ಆದ್ದರಿಂದ ಏಪ್ರಿಲ್‌ನಲ್ಲಿ ಮರಕ್ಕೆ ಒಂದು ಕಿಲೋ ಡೊಲೊಮೈಟ್ (ಸುಣ್ಣದ ಕಲ್ಲಿನಂಥ ಪುಡಿ).

ಈಗ ಬೀಜದ ವಿಷಯ. ಈ ತಳಿ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ, ಪರಾಗವಿಲ್ಲದೆಯೂ ಕಾಯಿ ಕಚ್ಚುತ್ತದೆ. ಆದರೆ ಹತ್ತಿರದಲ್ಲಿ ಚಕ್ಕೋತವೋ ನಿಂಬೆಯೋ ಹೂ ಬಿಟ್ಟಿದ್ದರೆ ಜೇನು ಪರಾಗ ತಂದು ಹಾಕುತ್ತದೆ, ಹಣ್ಣಿನ ತುಂಬ ಬೀಜ. ಚಕ್ಕೋತ ಇಲ್ಲದ ಹಿತ್ತಿಲು ನಮ್ಮಲ್ಲಿ ಎಲ್ಲಿದೆ? ಮುಜಂಟಿ (ಕುಟುಕದ ಸಣ್ಣ ಜೇನು) ಪೆಟ್ಟಿಗೆಯೂ ಈಗ ಮನೆಮನೆಯಲ್ಲಿ. ನರ್ಸರಿಯವನನ್ನು ಬೈಯುವ ಮುಂಚೆ ಬೇಲಿಯಾಚೆ ನೋಡಿ.

ಜನವರಿ ಕೊನೆಯವರೆಗೆ ಮೂರು ನಾಲ್ಕು ವಾರ ನೀರು ನಿಲ್ಲಿಸುತ್ತೇನೆ. ಮಧ್ಯಾಹ್ನ ಎಲೆ ಮುದುಡಿ ಸಂಜೆಗೆ ಬಿಡಿಸಿಕೊಳ್ಳುವಷ್ಟು ಸಾಕು, ಸಂಜೆಯೂ ಮುದುಡಿದರೆ ಅತಿಯಾಯಿತು. ಮತ್ತೆ ನೀರು ಕೊಟ್ಟರೆ ಫೆಬ್ರವರಿಯಲ್ಲಿ ಮೊಗ್ಗು. ಮೊದಲ ಹೂ ಅರಳುವ ಮೊದಲೇ ಅಡಿಕೆ ಸಲಾಕೆಯ ಚೌಕಟ್ಟು ಕಟ್ಟಿ ಸೊಳ್ಳೆಪರದೆ ಹೊದಿಸಬೇಕು, ಕೆಳಗಿನ ಅಂಚಿಗೆ ಮಣ್ಣು ಮುಚ್ಚಬೇಕು. ಪರದೆ ಕೊಂಬೆಗೆ ತಾಗಬಾರದು, ತಾಗಿದಲ್ಲಿ ಹೂ ಕಂದುತ್ತದೆ, ಹೊರಗಿನಿಂದ ಜೇನೂ ಮುಟ್ಟುತ್ತದೆ. ಪಕಳೆ ಪೂರ್ತಿ ಉದುರಿದ ಮೇಲೆ ಬಿಚ್ಚಿದರಾಯಿತು. ಪರೀಕ್ಷೆಗೆಂದು ಒಂದು ಕೊಂಬೆಯನ್ನು ಹೊರಗೆ ಬಿಟ್ಟು ಚಕ್ಕೋತದ ಹೂವನ್ನು ಅದಕ್ಕೆ ಉಜ್ಜಿದ್ದೆ. ಅದೇ ಮರ, ಅದೇ ನೀರು, ಆ ಕೊಂಬೆಯ ಹಣ್ಣಿನಲ್ಲಿ ಮಾತ್ರ ಹತ್ತಕ್ಕೂ ಮಿಕ್ಕಿ ಬೀಜ. ಆ ಹಣ್ಣು ತುಸು ದಪ್ಪವೂ ಇತ್ತು ಅನ್ನಿ.

ಕಾಯಿ ಕಚ್ಚಿದ್ದನ್ನೆಲ್ಲ ಉಳಿಸುವ ಆಸೆ ಬೇಡ. ಈ ತಳಿ ಒಂದು ವರ್ಷ ಮೈತುಂಬ ಬಿಟ್ಟು ಮರುವರ್ಷ ಕೈಕೊಡುತ್ತದೆ. ಗೇಣಿಗೊಂದರಂತೆ ಉಳಿಸಿ ಉಳಿದದ್ದನ್ನು ಕಿತ್ತುಹಾಕಿ. ಏಪ್ರಿಲ್ ಮೇ ಸೆಕೆಗೆ ಉದುರುವುದನ್ನು ತಡೆಯಲು ನನ್ನದೊಂದು ಸಿಂಪಡಣೆ ಉಂಟು, ಮನೆಗೆ ಬಂದವರಿಗೆ ಹೇಳುತ್ತೇನೆ. ಮಳೆಗಾಲದ ಕೊನೆಗೆ ರಸ ಹೀರುವ ಪತಂಗ ಬರುತ್ತದೆ. ರಾತ್ರಿ ಸೂಜಿ ಚುಚ್ಚಿದಂತೆ ಒಂದು ತೂತು, ಎರಡು ದಿನದಲ್ಲಿ ಸುತ್ತ ಮೆತ್ತಗಾಗಿ ಹಣ್ಣು ಕೆಳಗೆ. ಕಾಗದದ ಚೀಲ ಮಳೆಗೆ ನಿಲ್ಲುವುದಿಲ್ಲ, ಹಳೆಯ ಬಟ್ಟೆಯಂಗಡಿ ಚೀಲ ಕಟ್ಟಿ.

ಬಣ್ಣಕ್ಕೆ ಕಾಯಬೇಡಿ. ನಮ್ಮ ರಾತ್ರಿಗೆ ಚಳಿ ಸಾಲದು, ಒಳಗೆ ಸಿಹಿಯಾದರೂ ಸಿಪ್ಪೆ ಹಸಿರುಹಳದಿಯೇ. ನವೆಂಬರ್ ಕೊನೆಯಿಂದ ವಾರಕ್ಕೊಂದು ಕೊಯ್ದು ತಿಂದು ನೋಡಿ, ಕೊಯ್ಯುವುದು ಕತ್ತರಿಯಲ್ಲಿ, ಎಳೆದರೆ ತೊಟ್ಟಿನ ಬಳಿ ಸಿಪ್ಪೆ ಹರಿಯುತ್ತದೆ.

ಲೆಕ್ಕ ಹೇಳುವುದಾದರೆ ಗಿಡಕ್ಕೆ ಮುನ್ನೂರು ಚಿಲ್ಲರೆ, ಪರದೆಗೆ ಆರೇಳು ನೂರು. ಅತಿ ದುಬಾರಿಯಾದದ್ದು ದಿಬ್ಬಕ್ಕೆ ಮಣ್ಣು ಹೊರಿಸಿದ ಕೂಲಿ. ಮೂರು ವರ್ಷ ಬರೀ ಖರ್ಚು. ಮಾರುವುದಕ್ಕೆ ಬೆಳೆಸುತ್ತೇನೆ ಎನ್ನುವವರು ಅಡಿಕೆಯನ್ನೇ ನೋಡಿಕೊಳ್ಳಲಿ.

ಕಸಿಗೆ ಕಣ್ಣು (ಚಿಗುರೊಡೆಯುವ ಮೊಗ್ಗು) ಕೇಳಿ ಬರುವವರು ಹೆಚ್ಚಿದ್ದಾರೆ, ಕೊಡುತ್ತೇನೆ. ಆದರೆ ಎಲ್ಲಿಂದ ತಂದರೂ ಮರದ ಎಲೆ ನೋಡಿ. ನಡುನರದ ಎರಡೂ ಕಡೆ ಹಳದಿ ಸಮನಾಗಿದ್ದರೆ ಹೆಚ್ಚಾಗಿ ಸತುವಿನ ಕೊರತೆ, ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಸಿಂಪಡಿಸಿದರೆ ಸರಿಹೋಗುತ್ತದೆ. ಒಂದು ಕಡೆ ಹಳದಿ, ಇನ್ನೊಂದು ಕಡೆ ಹಸಿರು ಎಂದು ಅಡ್ಡಾದಿಡ್ಡಿ ಮಚ್ಚೆ ಇದ್ದರೆ ಅದು ಕಸಿಯ ಕಣ್ಣಿನಿಂದಲೂ ಹರಡುವ ಗ್ರೀನಿಂಗ್ ರೋಗ ಇರಬಹುದು. ಆ ಮರದ ಕಣ್ಣು ಪುಕ್ಕಟೆ ಸಿಕ್ಕಿದರೂ ಮುಟ್ಟಬೇಡಿ.