ವಿಧಿಯ ದಿನ ಪ್ರಾಣಿ ಹೆದರದಂತೆ ನೋಡಿಕೊಳ್ಳುವುದು: ನನ್ನ ಅನುಭವ

ಧಾರ್ಮಿಕ ವಿಧಿಯ ಅಂಗವಾಗಿ ಕುರಿ, ಮೇಕೆಗಳನ್ನು ಕೊಯ್ಯುವ ಕೆಲಸವನ್ನು ನಾನು ಬಹುಕಾಲದಿಂದ ಮಾಡುತ್ತಿದ್ದೇನೆ. ವಿಧಿ ಇರಬೇಕೇ ಬೇಡವೇ ಎಂಬ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ನಡೆಯುವುದೇ ಆದರೆ ಪ್ರಾಣಿಯ ಭಯವನ್ನೂ ನೋವನ್ನೂ ಎಷ್ಟು ತಗ್ಗಿಸಬಹುದು ಎಂಬುದಷ್ಟೇ ನನ್ನ ಕಾಳಜಿ. ಚೂರಿ ಕೊರಳಿಗೆ ತಾಗುವ ಕ್ಷಣದ ಬಗ್ಗೆಯೇ ಎಲ್ಲರೂ ಮಾತನಾಡುತ್ತಾರೆ. ಆದರೆ ನಾನು ಕಂಡಂತೆ, ಪ್ರಾಣಿ ಪಡುವ ಸಂಕಟದಲ್ಲಿ ಬಹಳಷ್ಟು ಅದಕ್ಕೂ ಮುಂಚಿನ ಗಂಟೆಗಳಲ್ಲಿ ಮನುಷ್ಯರ ಅವಸರದಿಂದ ಹುಟ್ಟುತ್ತದೆ.

ಆದ್ದರಿಂದ ಪ್ರಾಣಿಗಳನ್ನು ಹಿಂದಿನ ದಿನವೇ ತಂದು, ನೆರಳಿನಲ್ಲಿ ಬಿಟ್ಟು, ಕೊನೆಯವರೆಗೂ ನೀರು ಸಿಗುವಂತೆ ನೋಡಿಕೊಳ್ಳಬೇಕೆಂದು ಮೊದಲೇ ಹೇಳಿರುತ್ತೇನೆ. ಕುರಿ ಹಿಂಡಿನ ಪ್ರಾಣಿ. ಒಂಟಿಯಾಗಿ ಕಟ್ಟಿದರೆ ಅದು ಒದ್ದಾಡಿ ಕೂಗುತ್ತದೆ, ಜೊತೆಗೆ ಇನ್ನೊಂದಿದ್ದರೆ ಶಾಂತವಾಗುತ್ತದೆ. ಅದರ ಕಣ್ಣುಗಳು ತಲೆಯ ಎರಡೂ ಪಕ್ಕಗಳಲ್ಲಿರುವುದರಿಂದ ಹಿಂದಿನಿಂದ ಬರುವವರ ಚಲನೆಯೂ ಬಹುಪಾಲು ಅದಕ್ಕೆ ಕಾಣುತ್ತದೆ. ಭುಜದ ಹಿಂಬದಿಯಲ್ಲಿ ನಿಧಾನವಾಗಿ ಸರಿದರೆ ಅದು ತಾನಾಗಿಯೇ ಮುಂದೆ ನಡೆಯುತ್ತದೆ, ಎಳೆಯುವ ಅಗತ್ಯವೇ ಬೀಳುವುದಿಲ್ಲ. ಉಣ್ಣೆ ಹಿಡಿದು ಎತ್ತುವುದನ್ನು, ಕಾಲು ಹಿಡಿದು ಎಳೆಯುವುದನ್ನು ನಾನು ಯಾರಿಗೂ ಬಿಡುವುದಿಲ್ಲ. ಉಣ್ಣೆ ಜಗ್ಗಿದರೆ ಚರ್ಮದಡಿ ರಕ್ತ ಹೆಪ್ಪುಗಟ್ಟುವಷ್ಟು ಪೆಟ್ಟಾಗುತ್ತದೆ. ನೆಲ ಜಾರುವಂತಿದ್ದರೆ ಒಣ ಹುಲ್ಲು ಹರಡಿಸುತ್ತೇನೆ. ವಾದ್ಯಗಳನ್ನು ಆ ಕೆಲವು ನಿಮಿಷ ನಿಲ್ಲಿಸುವಂತೆ ಕೇಳಿದರೆ ಹಿರಿಯರು ಒಮ್ಮೊಮ್ಮೆ ಮುನಿಸಿಕೊಳ್ಳುತ್ತಾರೆ, ಆದರೂ ನಾನು ಕೇಳಿಯೇ ಕೇಳುತ್ತೇನೆ.

ಚೂರಿಯ ಅಲುಗು ಕೊರಳಿನ ಅಗಲದ ಎರಡರಷ್ಟಾದರೂ ಉದ್ದವಿರಬೇಕು. ಗಿಡ್ಡ ಚೂರಿಯಿದ್ದರೆ ಗರಗಸದಂತೆ ಹಿಂದೆಮುಂದೆ ಎಳೆಯಬೇಕಾಗುತ್ತದೆ, ಅದರ ತುದಿಯೂ ಗಾಯದೊಳಗೆ ಚುಚ್ಚುತ್ತದೆ. ಯಹೂದಿ ಸಂಪ್ರದಾಯದಲ್ಲಿ ಕೊಯ್ಯುವ ಮುನ್ನವೂ ಅನಂತರವೂ ಅಲುಗನ್ನು ಉಗುರಿನ ಮೇಲೆ ಹಾಯಿಸಿ ಮುಕ್ಕು ಇದೆಯೇ ಎಂದು ಪರೀಕ್ಷಿಸುತ್ತಾರೆ. ಪ್ರಾಣಿಯ ಕಣ್ಣೆದುರು ಚೂರಿ ಮಸೆಯಬಾರದು, ಒಂದರ ಎದುರು ಇನ್ನೊಂದನ್ನು ಕೊಯ್ಯಬಾರದು ಎಂದು ಇಸ್ಲಾಂ ಪರಂಪರೆ ಹೇಳುತ್ತದೆ. ಈ ಎರಡೂ ಕಡೆಯ ಪಾಠವನ್ನು ನಾನು ಪಾಲಿಸುತ್ತೇನೆ, ಪ್ರತಿ ಪ್ರಾಣಿಯ ನಂತರ ಅಲುಗನ್ನು ಮರೆಯಲ್ಲಿ ತೊಳೆದು ಪರೀಕ್ಷಿಸಿಯೇ ಮುಂದಿನದನ್ನು ಕರೆತರಲು ಹೇಳುತ್ತೇನೆ.

ಕೊಯ್ತ ತಡೆಯಿಲ್ಲದೆ ಒಂದೇ ಎಳೆತಕ್ಕೆ ಮುಗಿಯಬೇಕು, ಕೊರಳಿನ ಎರಡೂ ಬದಿಯ ಧಮನಿಗಳು ತುಂಡಾಗಬೇಕು. ಸರಿಯಾಗಿ ಕೊಯ್ದ ಕುರಿ ಸಾಮಾನ್ಯವಾಗಿ 2ರಿಂದ 20 ಸೆಕೆಂಡುಗಳಲ್ಲಿ ಪ್ರಜ್ಞೆ ಕಳೆದುಕೊಳ್ಳುತ್ತದೆ. ಅಷ್ಟು ಹೊತ್ತು ಗಾಯದ ಅಂಚುಗಳು ಒಂದಕ್ಕೊಂದು ತಾಗದಂತೆ ತಲೆಯನ್ನು ಹಿಡಿದಿರುತ್ತೇನೆ, ಪ್ರಾಣಿಯನ್ನು ಅಲುಗಾಡಿಸಲು ಯಾರನ್ನೂ ಬಿಡುವುದಿಲ್ಲ. ಕುರಿಯನ್ನು ಕನಿಷ್ಠ 20 ಸೆಕೆಂಡು ಕದಲಿಸಬಾರದು ಎಂದು ಬ್ರಿಟನ್ನಿನ ನಿಯಮವೂ ಹೇಳುತ್ತದೆ. ಬೇಗ ಮುಗಿಯಲೆಂದು ಕತ್ತು ಮುರಿಯುವ, ಬೆನ್ನುಹುರಿಗೆ ಚೂರಿ ತೂರಿಸುವ ಅಭ್ಯಾಸ ಕೆಲವರಲ್ಲಿದೆ. ಅದರಿಂದ ದೇಹ ನಿಶ್ಚೇಷ್ಟಿತವಾಗುತ್ತದೆಯೇ ಹೊರತು ಪ್ರಜ್ಞೆ ಹೋಗುವುದಿಲ್ಲ, ಆದ್ದರಿಂದ ಪ್ರಾಣಿ ನೋವನ್ನು ತೋರಿಸಲಾಗದೆ ಅನುಭವಿಸುತ್ತದೆ. ಕಾಲು ಒದೆಯುವುದನ್ನು ಕಂಡು ಜನ ಗಾಬರಿಯಾಗುತ್ತಾರೆ, ಆದರೆ ಪ್ರಜ್ಞೆ ಹೋದ ಮೇಲೂ ಕಾಲುಗಳು ಅದುರಬಲ್ಲವು. ನಾನು ನೋಡುವುದು ಉಸಿರಾಟದ ಲಯವನ್ನು ಮತ್ತು ಕಣ್ಣುಗುಡ್ಡೆಯನ್ನು ಮೃದುವಾಗಿ ಮುಟ್ಟಿದಾಗ ರೆಪ್ಪೆ ಮಿಟುಕುತ್ತದೆಯೇ ಎಂಬುದನ್ನು. ಎರಡೂ ನಿಂತ ಮೇಲಷ್ಟೇ ಚರ್ಮ ಸುಲಿಯುವವರಿಗೆ ಒಪ್ಪಿಸುತ್ತೇನೆ.

ವಿಧಿ ಒಪ್ಪುವ ಕಡೆ ಮೊದಲೇ ಪ್ರಜ್ಞೆ ತಪ್ಪಿಸುವುದು ಇದೆಲ್ಲಕ್ಕಿಂತ ಉತ್ತಮ ಎಂದು ನಾನು ನಂಬುತ್ತೇನೆ. ನ್ಯೂಜಿಲೆಂಡಿನ ಮಾಂಸ ಉದ್ಯಮದಲ್ಲಿ ಹಲಾಲ್ ಕುರಿಗಳ ತಲೆಗೆ ವಿದ್ಯುತ್ ಹಾಯಿಸಿದ ನಂತರ ಕೊಯ್ಯುತ್ತಾರೆ. ಕೊಯ್ಯದೆ ಬಿಟ್ಟರೆ ಆ ಕುರಿ ಮತ್ತೆ ಚೇತರಿಸಿಕೊಳ್ಳುವುದರಿಂದ ವಿಧಿಗೆ ಭಂಗವಾಗದೆಂದು ಅಲ್ಲಿ ಒಪ್ಪಿದ್ದಾರೆ.

ದೊಡ್ಡ ಜಾನುವಾರುಗಳ ವಿಷಯ ಬೇರೆ. ಅವುಗಳ ಮೆದುಳಿಗೆ ಬೆನ್ನುಮೂಳೆಯ ಪಕ್ಕದ ಧಮನಿಗಳಿಂದಲೂ ರಕ್ತ ತಲುಪುತ್ತದೆ, ಕೊಯ್ದ ಧಮನಿಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುವುದೂ ಉಂಟು. ಹಾಗಾದಾಗ ಕೆಲವು ಒಂದು ನಿಮಿಷಕ್ಕೂ ಹೆಚ್ಚು ಎಚ್ಚರವಾಗಿರುತ್ತವೆ. ನಿಲ್ಲಿಸಿ ಹಿಡಿಯುವ ಗಟ್ಟಿ ಚೌಕಟ್ಟು, ಅಗತ್ಯ ಬಿದ್ದರೆ ಹಣೆಗೆ ಲೋಹದ ಸಲಾಕೆಯಿಂದ ಬಲವಾಗಿ ಹೊಡೆದು ತಕ್ಷಣ ಪ್ರಜ್ಞೆ ತಪ್ಪಿಸಬಲ್ಲ ಬೋಲ್ಟ್ ಪಿಸ್ತೂಲು ಮತ್ತು ಅದನ್ನು ಬಳಸಲು ಕಲಿತವರು ಸ್ಥಳದಲ್ಲಿ ಇಲ್ಲದಿದ್ದರೆ ಆ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.