ತೊಡೆಸಂದು, ಕಿಬ್ಬೊಟ್ಟೆ, ಬೀಜದ ಸುತ್ತ ತಿಂಗಳುಗಟ್ಟಲೆ ನೋವಾ? ಗಂಡಸ್ರು ಏನೇನ್ ಮಾಡ್ಬೇಕು

ಕೂತ್ರೆ ನೋವು, ಎದ್ದು ಓಡಾಡಿದ್ರೆ ಸ್ವಲ್ಪ ಪರವಾಗಿಲ್ಲ. ಒಂದಕ್ಕೆ ಹೋಗಿ ಬಂದು ಹತ್ತು ನಿಮಿಷ ಆಗಿರಲ್ಲ, ಮತ್ತೆ ಹೋಗ್ಬೇಕು ಅನ್ಸುತ್ತೆ. ಬೀಜಕ್ಕೂ ಗುದಕ್ಕೂ ನಡುವಿನ ಜಾಗದಲ್ಲಿ ಯಾವುದೋ ಗಟ್ಟಿ ಚೆಂಡಿನ ಮೇಲೆ ಕೂತ ಹಾಗೆ. ಒಂದಿನ ತೊಡೆಸಂದು, ಇನ್ನೊಂದಿನ ಕಿಬ್ಬೊಟ್ಟೆ, ಮತ್ತೊಂದಿನ ಬರೀ ಎಡಗಡೆ ಬೀಜ. ವೀರ್ಯ ಹೋದ್ಮೇಲೆ ಒಂದೆರಡು ದಿನ ಜಾಸ್ತಿ. ಸ್ಕ್ಯಾನ್ ನಾರ್ಮಲ್, ಯೂರಿನ್ ನಾರ್ಮಲ್, ಡಾಕ್ಟರು "ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂತಾರೆ. ನನಗೆ ಇದು ಹೆಚ್ಚು ಕಮ್ಮಿ ಎರಡು ವರ್ಷ ಇತ್ತು, ಈಗ ಚೆನ್ನಾಗಿದ್ದೀನಿ, ಆ ಎರಡು ವರ್ಷದಲ್ಲಿ ಯಾರಾದ್ರೂ ಕೂರಿಸ್ಕೊಂಡು ಸರಿಯಾಗಿ ಹೇಳಿದ್ದಿದ್ರೆ ಅರ್ಧ ಕಷ್ಟ ತಪ್ಪೋದು ಅನ್ನೋ ಕಾರಣಕ್ಕೆ ಇದನ್ನ ಬರೀತಿದ್ದೀನಿ.

ಮೊದಲು ಕಾಯಬಾರದ ವಿಷಯಗಳು. ಬೀಜದಲ್ಲಿ ಇದ್ದಕ್ಕಿದ್ದಂಗೆ ಜೋರು ನೋವು ಬಂದು ವಾಂತಿ ಬರೋ ಹಾಗಾದ್ರೆ ಅದು ಬೀಜ ತಿರುಚಿಕೊಂಡಿರಬಹುದು, ಸುಮಾರು ಆರು ಗಂಟೆ ಒಳಗೆ ಆಪರೇಷನ್ ಆದ್ರೆ ಉಳಿಯೋ ಚಾನ್ಸ್ ಜಾಸ್ತಿ, ಬೆಳಗ್ಗೆ ನೋಡೋಣ ಅಂತ ಮಲಗಬೇಡಿ. ಚಳಿ ಜ್ವರದ ಜೊತೆ ಕೆಳಗೆ ನೋವು, ಒಂದಕ್ಕೆ ಹೋಗೋಕೇ ಆಗದೆ ಕಟ್ಟಿಕೊಳ್ಳೋದು, ಗುದದ ಸುತ್ತ ಮತ್ತೆ ತೊಡೆ ಒಳಗೆ ಸ್ಪರ್ಶವೇ ಗೊತ್ತಾಗದೆ ಮರಗಟ್ಟೋದು, ತೊಡೆಸಂದಿನ ಗಂಟು ಒಳಗೆ ಹೋಗದೆ ನೋಯೋದು, ಇವೆಲ್ಲ ಅದೇ ದಿನ ಎಮರ್ಜೆನ್ಸಿಗೆ ಹೋಗೋ ಕೇಸು. ಮೂತ್ರದಲ್ಲಿ ರಕ್ತ, ಬೀಜದಲ್ಲಿ ಹೊಸ ಗಡ್ಡೆ, ಕಾರಣ ಇಲ್ಲದೆ ತೂಕ ಇಳಿಯೋದು, ಇವಕ್ಕೂ ತಡ ಮಾಡದೆ ತೋರಿಸಿ. ಇದ್ಯಾವುದೂ ಇಲ್ಲ, ಒಂದು ಸಲ ಯೂರಾಲಜಿಸ್ಟ್ ಸರಿಯಾಗಿ ನೋಡಿದ್ದಾರೆ, ಯೂರಿನ್ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡೋ ಟೆಸ್ಟ್) ಆಗಿದೆ, ಹರ್ನಿಯಾ ಇಲ್ಲ ಅಂತ ಗೊತ್ತಾಗಿದೆ ಅನ್ನೋರು ಮುಂದೆ ಓದಿ.

ಈ ನೋವಿಗೆ ಸಾಮಾನ್ಯವಾಗಿ ಚೀಟಿ ಮೇಲೆ ಬರೆಯೋ ಹೆಸರು ಕ್ರಾನಿಕ್ ಪ್ರಾಸ್ಟಟೈಟಿಸ್. ಆ ಹೆಸರು ನೋಡಿದ ತಕ್ಷಣ ಮೂತ್ರಕೋಶದ ಕೆಳಗಿರೋ ಗ್ರಂಥಿಯಾದ ಪ್ರಾಸ್ಟೇಟ್‌ಗೆ ಇನ್ಫೆಕ್ಷನ್ ಆಗಿದೆ ಅಂತ ತಲೆಗೆ ಕೂತ್ಬಿಡುತ್ತೆ. ಆದ್ರೆ ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ ಇದನ್ನ ನಾಲ್ಕು ಥರ ಅಂತ ವಿಂಗಡಿಸಿದೆ, ಬ್ಯಾಕ್ಟೀರಿಯಾ ಇರೋದು ಮೊದಲ ಎರಡರಲ್ಲಿ. ಮೂರನೇದು ಕ್ರಾನಿಕ್ ಪೆಲ್ವಿಕ್ ಪೇನ್ ಸಿಂಡ್ರೋಮ್, ಅಂದ್ರೆ ಕಳೆದ ಆರು ತಿಂಗಳಲ್ಲಿ ಮೂರು ತಿಂಗಳಾದ್ರೂ ನೋವಿದೆ, ಕಲ್ಚರ್‌ನಲ್ಲಿ ಏನೂ ಸಿಗಲ್ಲ. ನೋವು ಅಂತ ಬರೋರಲ್ಲಿ ಹತ್ತಕ್ಕೆ ಒಂಬತ್ತು ಜನ ಈ ಮೂರನೇ ಗುಂಪಿನವರೇ. ನಾನೂ ಅದೇ ಗುಂಪು, ಆದ್ರೂ ನಾಲ್ಕು ಕೋರ್ಸ್ ಆಂಟಿಬಯಾಟಿಕ್ ನುಂಗಿದೆ. ಪ್ರತಿ ಸಲ ಮೊದಲ ವಾರ ಸ್ವಲ್ಪ ಹಗುರ ಅನ್ಸೋದು, ಆಮೇಲೆ ವಾಪಸ್. 2004ರಲ್ಲಿ ಒಂದು ಪ್ರಯೋಗ ಬಂತು, 196 ಗಂಡಸ್ರಿಗೆ ಆರು ವಾರ ಸಿಪ್ರೊಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್, ಮೂತ್ರದ ದಾರಿ ಸಡಿಲಿಸೋ ಟ್ಯಾಮ್ಸುಲೋಸಿನ್, ಎರಡೂ, ಇಲ್ಲಾ ಔಷಧಿ ಇಲ್ಲದ ಬರೀ ಸುಳ್ಳು ಮಾತ್ರೆ ಹಂಚಿ ನೋಡಿದ್ರು, ಹಳೇ ನೋವಿರೋರಲ್ಲಿ ಸುಳ್ಳು ಮಾತ್ರೆಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸಿಪ್ರೊ ಗುಂಪಿನ ಔಷಧಿಗಳಿಗೆ ಸ್ನಾಯುರಜ್ಜು, ಅಂದ್ರೆ ಟೆಂಡನ್ ಹರಿಯೋ ಅಪಾಯ ಇದೆ ಅಂತ 2008ರಲ್ಲೇ ಅಮೆರಿಕದಲ್ಲಿ ದಪ್ಪ ಅಕ್ಷರದ ಎಚ್ಚರಿಕೆ ಹಾಕಿಸಿದ್ದಾರೆ. ಹಾಗಾಗಿ ಒಂದು ಕೋರ್ಸ್ ಕೊಟ್ಟು ನೋಡ್ತೀನಿ ಅಂದ್ರೆ ಸರಿ, ಕಲ್ಚರ್ ನೆಗೆಟಿವ್ ಇದ್ದು ಮೂರನೇ ನಾಲ್ಕನೇ ಕೋರ್ಸ್ ಬರೆದ್ರೆ "ಯಾವ ಆಧಾರದ ಮೇಲೆ ಕೊಡ್ತಿದ್ದೀರಾ ಡಾಕ್ಟ್ರೇ" ಅಂತ ಕೇಳಿ. ಕೇಳೋದು ತಪ್ಪಲ್ಲ.

ಹಾಗಾದ್ರೆ ನೋವು ಎಲ್ಲಿಂದ? ಮುಂದಿನ ಪ್ಯೂಬಿಕ್ ಮೂಳೆಯಿಂದ ಹಿಂದಿನ ಬಾಲದ ಮೂಳೆವರೆಗೆ ತೊಟ್ಟಿಲ ಬಟ್ಟೆ ಥರ ಕಟ್ಟಿರೋ ಮಾಂಸಖಂಡಗಳಿವೆ, ಪೆಲ್ವಿಕ್ ಫ್ಲೋರ್ ಅಂತಾರೆ. ಮೂತ್ರ, ಮೋಷನ್ ತಡೆಯೋದು ಬಿಡೋದು, ಸೆಕ್ಸ್, ಎಲ್ಲದರಲ್ಲೂ ಅದಕ್ಕೆ ಕೆಲಸ ಇದೆ. ಭಯ ಆದಾಗ ನಾಯಿ ಬಾಲ ಮುದುರುತ್ತಲ್ಲ, ಹೆಚ್ಚು ಕಮ್ಮಿ ಅದೇ ಖಂಡಗಳು. ಒಂದು ಸಲ ನಿಜವಾದ ಇನ್ಫೆಕ್ಷನ್ ಆಗಿರಬಹುದು, ಬಿದ್ದಿರಬಹುದು, ತಿಂಗಳುಗಟ್ಟಲೆ ಮಲಬದ್ಧತೆ ಇರಬಹುದು, ವಿಪರೀತ ಟೆನ್ಷನ್ ಇರಬಹುದು, ಅವು ಬಿಗಿ ಹಿಡಿಯೋದನ್ನ ಅಭ್ಯಾಸ ಮಾಡ್ಕೊಂಡ್ಬಿಡುತ್ತವೆ, ಬಿಗಿ ಆದ್ರೆ ನೋವು, ನೋವಾದ್ರೆ ಇನ್ನೂ ಬಿಗಿ. ಜೊತೆಗೆ ತಿಂಗಳುಗಟ್ಟಲೆ ಸಿಗ್ನಲ್ ಕಳಿಸಿ ಕಳಿಸಿ ನರಗಳೂ ಸೂಕ್ಷ್ಮ ಆಗಿಬಿಡ್ತವೆ, ಸಣ್ಣ ಒತ್ತಡವೂ ದೊಡ್ಡದಾಗಿ ಕೇಳಿಸುತ್ತೆ. ಎಲ್ಲರಿಗೂ ಇದೇ ಕಾರಣ ಅನ್ನಲ್ಲ, ಆದ್ರೆ ಬಹಳ ಜನರಲ್ಲಿ ಇದರ ಪಾಲು ದೊಡ್ಡದು. ಮತ್ತೆ ನೋವು ಕಾಣಿಸೋ ಜಾಗವೇ ಬೇರೆ, ಮೂಲವೇ ಬೇರೆ ಇರುತ್ತೆ, ಕಿಬ್ಬೊಟ್ಟೆಯ ಖಂಡದಲ್ಲೋ ತೊಡೆ ಒಳಗಿನ ಖಂಡದಲ್ಲೋ ಇರೋ ಗಂಟು (ಬಿಗಿದುಕೊಂಡಿರೋ ಚಿಕ್ಕ ಜಾಗ) ಬೀಜದಲ್ಲಿ ನೋವಾಗಿ ಕಾಣಿಸುತ್ತೆ.

ಸರಿ, ಕೆಲಸಕ್ಕೆ ಬರೋಣ. ಬೇರೆ ಏನನ್ನು ಬಿಟ್ರೂ ಇದೊಂದನ್ನ ಬಿಡಬೇಡಿ, ಉಸಿರಾಟ. ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಚಿ, ಕಾಲಡಿ ಎರಡು ದಿಂಬು ಇಟ್ಕೊಳ್ಳಿ, ತೊಡೆಗಳು ಯಾವ ಶ್ರಮವೂ ಇಲ್ಲದೆ ಒರಗಿರಬೇಕು. ಒಂದು ಕೈ ಎದೆ ಮೇಲೆ, ಒಂದು ಹೊಕ್ಕುಳ ಕೆಳಗೆ. ಮೂಗಿಂದ ನಾಲ್ಕು ಎಣಿಸೋ ತನಕ ಉಸಿರು ತಗೊಳ್ಳಿ, ಎದೆ ಮೇಲಿನ ಕೈ ಏಳಬಾರದು, ಹೊಟ್ಟೆ ಮೇಲಿನದು ಏಳಬೇಕು. ಉಸಿರು ಒಳಗೆ ಹೋಗ್ತಾ ಬೀಜದ ಹಿಂದಿನ ಜಾಗ ಕೆಳಕ್ಕೆ ಮೆಲ್ಲಗೆ ಇಳಿದು ಅಗಲ ಆಗುತ್ತೆ, ಒಂದಕ್ಕೆ ಹೋದಾಗ ಶುರುವಾಗೋ ಆ ಮೊದಲ ಕ್ಷಣದಲ್ಲಿ ಏನೋ ಬಿಟ್ಟ ಹಾಗೆ ಆಗುತ್ತಲ್ಲ, ಹುಡುಕಬೇಕಾಗಿರೋದು ಅದನ್ನೇ. ತಳ್ಳಬೇಡಿ, ತಿಣುಕಬೇಡಿ, ಬಿಡಿ ಅಷ್ಟೇ. ಆಮೇಲೆ ಆರು ಎಣಿಸ್ತಾ ಉಸಿರು ಹೊರಗೆ, ಅದು ತಾನಾಗೇ ಹೋಗಲಿ. ಮೊದಲ ಹತ್ತು ಹನ್ನೆರಡು ದಿನ ನನಗೆ ಅಲ್ಲಿ ಏನೂ ಗೊತ್ತೇ ಆಗಲಿಲ್ಲ, ಇದೇನು ಸುಮ್ನೆ ಮಲಗಿರೋದು ಅಂತ ಬೇಜಾರಾಗೋದು, ಒಂದು ರಾತ್ರಿ ಇದ್ದಕ್ಕಿದ್ದಂಗೆ ಒಳಗೆ ಹಿಡಿದಿದ್ದ ಮುಷ್ಟಿ ಬಿಚ್ಚಿದ ಹಾಗಾಯ್ತು, ಆವಾಗ್ಲೇ ಗೊತ್ತಾಗಿದ್ದು ಇಷ್ಟು ದಿನ ಹಗಲೂ ರಾತ್ರಿ ಎಷ್ಟು ಹಿಡ್ಕೊಂಡಿದ್ದೆ ಅಂತ. ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ ಮಾಡಿ.

ಹಗಲಲ್ಲಿ ಇನ್ನೊಂದು ಕೆಲಸ, ಹಿಡ್ಕೊಂಡಿದ್ದೀನಾ ಅಂತ ಆಗಾಗ ನೋಡ್ಕೊಳ್ಳೋದು. ಮೇಲ್ ಟೈಪ್ ಮಾಡ್ವಾಗ, ಗಾಡಿ ಓಡಿಸ್ವಾಗ, ಯಾರೋ ಗದರಿದಾಗ ಹೊಟ್ಟೆ ಒಳಕ್ಕೆ ಎಳ್ಕೊಂಡು ಕುಂಡಿ ಬಿಗಿ ಮಾಡ್ಕೊಂಡಿರ್ತೀವಿ, ಹಲ್ಲು ಕಚ್ಚಿರ್ತೀವಿ. ದವಡೆ ಸಡಿಲ ಬಿಡಿ, ಹೊಟ್ಟೆ ಬಿಡಿ, ಕೆಳಗೆ ಬಿಡಿ. ಫೋನಿಗೆ ಗಂಟೆಗೊಂದು ರಿಮೈಂಡರ್ ಇಟ್ಕೊಂಡ್ರೆ ತಪ್ಪಿಲ್ಲ. ಮತ್ತೆ ಕೀಗಲ್ ವ್ಯಾಯಾಮ (ಪೆಲ್ವಿಕ್ ಫ್ಲೋರ್ ಬಿಗಿ ಮಾಡಿ ಬಿಡೋದು) ಮಾಡಿ ಅಂತ ಎಲ್ಲರೂ ಹೇಳ್ತಾರೆ, ದಯವಿಟ್ಟು ನೀವಾಗೇ ಶುರು ಮಾಡಬೇಡಿ. ಅದು ಸಡಿಲ ಆಗಿರೋ ಖಂಡಕ್ಕೆ, ಮೊದಲೇ ಬಿಗಿದಿರೋದನ್ನ ಇನ್ನೂ ಬಿಗಿದ್ರೆ ನೋವು ಜಾಸ್ತಿ ಆಗೋದೇ ಹೆಚ್ಚು, ನನಗೆ ಒಂದು ವಾರ ಮಾಡಿ ಮೂರು ವಾರ ಅನುಭವಿಸೋ ಹಾಗಾಯ್ತು.

ಸ್ಟ್ರೆಚ್ ಅಂದ್ರೆ ಮೂರು ಸಾಕು. ಬೆನ್ನ ಮೇಲೆ ಮಲಗಿ ಮೊಣಕಾಲು ಎದೆಗೆ ತಂದು ಅಗಲ ಮಾಡೋದು, ಅಂಗಾಲು ಜೋಡಿಸಿ ಬದ್ಧಕೋನಾಸನ (ಗೋಡೆಗೆ ಒರಗಿ, ಒತ್ತದೆ), ಒಂದು ಮೊಣಕಾಲು ನೆಲಕ್ಕೂರಿ ಸೊಂಟದ ಮುಂಭಾಗ ಎಳೆಯೋದು. ಒಂದೊಂದು ಅರ್ಧದಿಂದ ಒಂದು ನಿಮಿಷ, ಮೇಲೆ ಹೇಳಿದ ಉಸಿರಿನ ಜೊತೆ. ನೋಯೋ ತನಕ ಎಳೆದ್ರೆ ಖಂಡ ಕಾವಲಿಗೆ ನಿಂತ ಹಾಗೆ ಮತ್ತೆ ಬಿಗಿ ಹಿಡಿಯುತ್ತೆ.

ಫಿಸಿಯೋ ಹತ್ರ ಹೋಗೋದಾದ್ರೆ ಪೆಲ್ವಿಕ್ ಫ್ಲೋರ್ ಕಲಿತೋರೇ ಬೇಕು, ಗಂಡಸ್ರನ್ನ ನೋಡ್ತೀರಾ ಅಂತ ಫೋನಲ್ಲೇ ಕೇಳ್ಕೊಳ್ಳಿ. ಅವರು ಹೊಟ್ಟೆ, ತೊಡೆ, ಕುಂಡಿ ಹೊರಗಿಂದ ನೋಡಿ, ನೀವು ಒಪ್ಪಿದ್ರೆ ಗ್ಲೌಸ್ ಹಾಕಿ ಗುದದ ಮೂಲಕ ಒಳಗಿನ ಖಂಡಗಳ ಗಂಟು ಹುಡುಕಿ ಮೆಲ್ಲಗೆ ಒತ್ತಿ ಬಿಡಿಸ್ತಾರೆ. ಮುಜುಗರ ಆಗುತ್ತೆ, ನನಗೂ ಆಯ್ತು, ಎರಡು ನಿಮಿಷ ಅಷ್ಟೇ. ಒಂದು ಜಾಗ ಒತ್ತಿದಾಗ ಸರಿಯಾಗಿ ನನ್ನ ಅದೇ ಹಳೇ ಬೀಜದ ನೋವು ಬಂತು, ಒತ್ತೋದು ನಿಲ್ಲಿಸಿದ್ರೆ ಹೋಯ್ತು. ಆ ದಿನ ಮನೆಗೆ ಬಂದು ಅತ್ತುಬಿಟ್ಟೆ, ಕ್ಯಾನ್ಸರ್ ಇರಬಹುದು ಅಂತ ಒಳಗೊಳಗೇ ಹೆದರ್ಕೊಂಡಿದ್ದೆ. ಇದು ಬರೀ ನನ್ನೊಬ್ಬನ ಮಾತಲ್ಲ, 2009ರ ಒಂದು ಸಣ್ಣ ಪ್ರಯೋಗದಲ್ಲಿ ಗಂಡಸ್ರು ಹೆಂಗಸ್ರು ಸೇರಿ 47 ಜನ ಇದ್ರು, ಈ ಥರದ ಚಿಕಿತ್ಸೆಯಲ್ಲಿ ಶೇ 57 ಜನಕ್ಕೆ ಗುಣ ಕಂಡಿತ್ತು, ಮಾಮೂಲಿ ಮಸಾಜ್‌ನಲ್ಲಿ ಶೇ 21.

ಟಾಯ್ಲೆಟ್ ವಿಷಯ ಚಿಕ್ಕದು ಅನ್ಸುತ್ತೆ, ಆದ್ರೆ ಮುಖ್ಯ. ಕಮೋಡ್ ಆದ್ರೆ ಕಾಲಡಿ ಸ್ಟೂಲ್ ಇಡಿ, ತಿಣುಕಬೇಡಿ, ಫೋನ್ ಒಳಗೆ ತಗೊಂಡು ಹೋಗಬೇಡಿ. ನಾರಿನಂಶ ನೀರು ಸರಿಯಾಗಿರಲಿ. ಯಾವುದಕ್ಕೂ ಇರಲಿ ಅಂತ ಅರ್ಧ ಗಂಟೆಗೊಂದು ಸಲ ಒಂದಕ್ಕೆ ಹೋಗೋ ಅಭ್ಯಾಸ ಇದ್ರೆ ಐದೈದು ನಿಮಿಷ ಮುಂದೂಡ್ತಾ ಬನ್ನಿ.

ಕೂರೋದು. ಒಂದೇ ಸಮ ಅರ್ಧ ಗಂಟೆಗಿಂತ ಜಾಸ್ತಿ ಕೂರಬೇಡಿ, ಎದ್ದು ಎರಡು ನಿಮಿಷ ಓಡಾಡಿ. ನಡುವೆ ಕತ್ತರಿಸಿರೋ ಕುಶನ್ ಕೆಲವರಿಗೆ ಆಗುತ್ತೆ. ಸೈಕಲ್ ತುಳಿಯೋರು ಸ್ವಲ್ಪ ದಿನ ಬಿಡಿ. ಕೂತಾಗ ಜಾಸ್ತಿಯಾಗಿ, ಕಮೋಡ್ ಮೇಲೆ ಕೂತ್ರೆ ಮಾತ್ರ ಕಮ್ಮಿ ಆಗಿ, ಉರಿ ಅಥವಾ ಕರೆಂಟ್ ಹೊಡೆದ ಹಾಗಿದ್ದು, ರಾತ್ರಿ ನಿದ್ದೆಯಿಂದ ಎಬ್ಬಿಸದೇ ಇರೋ ನೋವಾದ್ರೆ ಪುಡೆಂಡಲ್ ಅನ್ನೋ, ಜನನಾಂಗ ಗುದದ ಸುತ್ತ ಹೋಗೋ ನರದ ತೊಂದರೆ ಇರಬಹುದಾ ಅಂತ ಡಾಕ್ಟರ್ ಹತ್ರ ಹೆಸರು ಹೇಳಿಯೇ ಕೇಳಿ.

ಇನ್ನು ಬರೀ ತೊಡೆಸಂದು ನೋಯೋರು, ಅದರಲ್ಲೂ ಆಟ ಆಡೋರು, ಓಡೋರು. ಮಲಗಿ ಮೊಣಕಾಲು ಮಡಚಿ ನಡುವೆ ಮುಷ್ಟಿ ಇಟ್ಟು ಎರಡೂ ಕಡೆಯಿಂದ ಒತ್ತಿ, ಅದೇ ನೋವು ಒಳತೊಡೆಯ ಬುಡದಲ್ಲಿ ಬಂದ್ರೆ ಅಡಕ್ಟರ್ (ಕಾಲನ್ನ ಒಳಕ್ಕೆ ಎಳೆಯೋ) ಖಂಡದ ಮೇಲೆ ಅನುಮಾನ. ಇಲ್ಲಿ ಬರೀ ರೆಸ್ಟ್, ಮಸಾಜ್ ಸಾಕಾಗಲ್ಲ, ಖಂಡಕ್ಕೆ ಮೆಲ್ಲಮೆಲ್ಲಗೆ ಬಲ ಬರಬೇಕು. 1999ರಲ್ಲಿ ಡೆನ್ಮಾರ್ಕ್‌ನಲ್ಲಿ ಹಳೇ ನೋವಿದ್ದ 68 ಆಟಗಾರರನ್ನ ಎರಡು ಗುಂಪು ಮಾಡಿ ನೋಡಿದ್ರು, 8ರಿಂದ 12 ವಾರ ವ್ಯಾಯಾಮ ಮಾಡಿದ ಗುಂಪಲ್ಲಿ 23 ಜನ ನೋವಿಲ್ಲದೆ ಮೊದಲಿನಷ್ಟೇ ಆಟಕ್ಕೆ ವಾಪಸ್ ಬಂದ್ರು, ಲೇಸರ್, ಮಸಾಜ್, ಸ್ಟ್ರೆಚ್ ಗುಂಪಲ್ಲಿ ನಾಲ್ಕೇ ಜನ. ಶುರುಗೆ ಮೊಣಕಾಲ ನಡುವೆ ಚೆಂಡು ಇಟ್ಟು ನೋವು ಹತ್ತಕ್ಕೆ ಎರಡು ಮೂರು ದಾಟದ ಹಾಗೆ ಒತ್ತಿ ಹಿಡಿಯೋದು, ಆಮೇಲೆ ಪಕ್ಕಕ್ಕೆ ಮಲಗಿ ಕೆಳಗಿನ ಕಾಲು ಎತ್ತೋದು. ಕಾಲನ್ನ ಒಳಕ್ಕೆ ತಿರುಗಿಸಿದ್ರೆ ನೋವು, ಕೂತು ಏಳ್ವಾಗ ಹಿಡ್ಕೊಳ್ಳೋದು ಇದ್ರೆ ಸೊಂಟದ ಕೀಲು ಚೆಕ್ ಮಾಡಿಸಿ, ಕೀಲಿನ ನೋವು ತೊಡೆಸಂದಲ್ಲೇ ಕಾಣಿಸೋದು.

ನಡಿಗೆ ದಿನಾ ಇರಲಿ, ಉಸಿರು ಸ್ವಲ್ಪ ಏರೋ ಅಷ್ಟು ವೇಗ. ಔಷಧಿ ಬೇಡವೇ ಬೇಡ ಅಂತ ಹೇಳ್ತಿಲ್ಲ, ಮೂತ್ರದ ತೊಂದರೆ ಜಾಸ್ತಿ ಇರೋರಿಗೆ ಆಲ್ಫಾ ಬ್ಲಾಕರ್ (ಟ್ಯಾಮ್ಸುಲೋಸಿನ್ ಥರದ್ದು), ನರದ ನೋವಿಗೆ ಕಡಿಮೆ ಡೋಸ್ ಅಮಿಟ್ರಿಪ್ಟಿಲಿನ್ ಥರದ್ದು ಕೊಡ್ತಾರೆ, ಡಾಕ್ಟರ್ ಜೊತೆ ಮಾತಾಡಿ ತಗೊಳ್ಳಿ. ನಿದ್ದೆ ಕೆಟ್ಟು, ಬದುಕೇ ಬೇಡ ಅನ್ಸೋ ಮಟ್ಟಕ್ಕೆ ಹೋಗಿದ್ರೆ ಇವತ್ತೇ ಮನೆಯವರಿಗೆ, ಡಾಕ್ಟರಿಗೆ ಬಾಯ್ಬಿಟ್ಟು ಹೇಳಿ, ಈ ನೋವಲ್ಲಿ ಮನಸ್ಸು ಅಲ್ಲಿಗೆ ಹೋಗೋದು ಬಹಳ ಜನಕ್ಕೆ ಆಗುತ್ತೆ, ನಾಚಿಕೆ ಪಡೋ ವಿಷಯವೇ ಅಲ್ಲ. ಹೆಂಡತಿಗೂ ಹೇಳಿ. ನಾನು ನೋವಿನ ಹೆದರಿಕೆಗೆ ದೂರ ಇರ್ತಿದ್ದೆ, ಅವಳು ತನ್ನ ಮೇಲೆ ಬೇಸರ ಅಂದ್ಕೊಂಡಿದ್ಳು. ವಿಷಯ ಗೊತ್ತಾದ್ಮೇಲೆ ಇಬ್ಬರಿಗೂ ಹಗುರ ಆಯ್ತು.

ದಿನಾ ನೋವು ಅಳೀಬೇಡಿ, ಅದೇ ಚಿಂತೆ ಆಗುತ್ತೆ. ಮೇಲೆ ಹೇಳಿದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್, ಅಂದ್ರೆ ಎನ್‌ಐಎಚ್‌ನವರದೇ ಒಂದು ಪ್ರಶ್ನೆಪಟ್ಟಿ ಇದೆ, 0ರಿಂದ 43 ಅಂಕ, ಜಾಸ್ತಿ ಅಂದ್ರೆ ಕಷ್ಟ ಜಾಸ್ತಿ, ತಿಂಗಳಿಗೊಂದು ಸಲ ತುಂಬಿಸಿ, ಆರು ಅಂಕ ಇಳಿದ್ರೆ ಅದು ನಿಜವಾದ ಸುಧಾರಣೆ ಅಂತ ಲೆಕ್ಕ. ನನಗೆ ಮೊದಲ ಬದಲಾವಣೆ ಕಾಣೋಕೆ ಎರಡು ತಿಂಗಳು ಹಿಡೀತು, ಅದೂ ನೋವು ಕಡಿಮೆ ಆಗಿದ್ದಲ್ಲ, ಬಂದ ನೋವು ಬೇಗ ಹೋಗ್ತಿತ್ತು.

ಮಧ್ಯೆ ಒಂದು ದಿನ ಮತ್ತೆ ಜೋರಾಗಿ ಬರುತ್ತೆ, ಬಂದೇ ಬರುತ್ತೆ, ಚಿಕಿತ್ಸೆ ಬದಲಾಯಿಸೋಕೆ ಹೋಗಬೇಡಿ. ಆ ದಿನ ಬಿಸಿನೀರಿನ ಬ್ಯಾಗ್ ಬಟ್ಟೆ ಸುತ್ತಿ ಕೆಳಗೆ ಹದಿನೈದು ನಿಮಿಷ ಇಟ್ಕೊಳ್ಳಿ, ಸ್ಟ್ರೆಚ್ ಬಿಟ್ಟು ಬರೀ ಉಸಿರಾಟ ಮಾಡಿ, ನಡಿಗೆ ಅರ್ಧ ಮಾಡಿ ಆದ್ರೆ ಪೂರ್ತಿ ಬಿಡಬೇಡಿ, ಹಿಂದಿನ ಎರಡು ದಿನ ಏನು ನಡೀತು ಅಂತ ಒಂದು ಸಾಲು ಬರೆದಿಡಿ. ನನ್ನ ಪುಸ್ತಕದಲ್ಲಿ ಹತ್ತರಲ್ಲಿ ಏಳು ಸಲ ಇದ್ದಿದ್ದು ನಿದ್ದೆ ಕೆಟ್ಟ ರಾತ್ರಿ, ಉದ್ದ ಪ್ರಯಾಣ, ಇಲ್ಲಾ ಮೋಷನ್ ಸರಿ ಆಗದ ದಿನ. ಮೂರು ನಾಲ್ಕು ದಿನಕ್ಕೆ ಇಳಿಯುತ್ತೆ, ಆಮೇಲೆ ನಿಲ್ಲಿಸಿದ ಕಡೆಯಿಂದಲೇ ಸ್ಟ್ರೆಚ್ ಶುರು ಮಾಡಿ.