ಪೆನ್ಸಿಲ್ ತೆಗೆದಿಟ್ಟ ಮೇಲೆ ಅಕ್ಷರ ಬಂತು

ಕಟಪಾಡಿ ಹತ್ತಿರ ನನ್ನದೊಂದು ಸಣ್ಣ ಬಾಲವಾಡಿ. ಆರು ವರ್ಷದ ಹಿಂದೆ ಮೂರು ವರ್ಷದ ಮಕ್ಕಳ ಕೈಯಿಂದ ಪೆನ್ಸಿಲ್ ತೆಗೆದಿಟ್ಟೆ. ಆಗ ನಕ್ಕವರೇ ಜಾಸ್ತಿ. ನಕ್ಕವರಲ್ಲೇ ಇಬ್ಬರು ಟೀಚರ್‌ಗಳು ಹೋದ ತಿಂಗಳು ಬಂದು ನೋಡಿಕೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಳವಣಿಗೆ ತಲೆಯಿಂದ ಕಾಲಿಗೆ, ಭುಜದಿಂದ ಬೆರಳಿಗೆ ಅಂತ ಟ್ರೈನಿಂಗಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಕ್ಲಾಸಿಗೆ ಬಂದ ಕೂಡಲೇ ಬೆರಳಿನಿಂದ ಶುರು ಮಾಡುತ್ತೇವೆ, ಅಲ್ವಾ? ನಾನೂ ಹಾಗೇ ಮಾಡಿದ್ದೆ. ಮಕ್ಕಳು ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿದು ಇಡೀ ತೋಳು ಅಲ್ಲಾಡಿಸುತ್ತಿದ್ದರು. ಹತ್ತು ನಿಮಿಷಕ್ಕೆ ಕೈ ನೋವು, ಅಳು.

ಬದಲಾಯಿಸಿದ ಮೊದಲ ವರ್ಷ ಪೂರ್ತಿ ಲಾಸ್. ಕ್ಯಾಟಲಾಗ್ ನೋಡಿ ಸುಮಾರು 14 ಸಾವಿರದ ಮರದ ಆಟಿಕೆ ತರಿಸಿದೆ. ಒಂದೇ ಮಳೆಗಾಲಕ್ಕೆ ಬಣ್ಣ ಎದ್ದು ಬೂಸ್ಟು ಹಿಡಿಯಿತು. 22 ಮಕ್ಕಳಲ್ಲಿ 9 ಮಂದಿ ದಸರಾ ರಜೆ ಮುಗಿದ ಮೇಲೆ ಬರಲೇ ಇಲ್ಲ. "ಹೊಯ್ಗೆಯಲ್ಲಿ ಆಡ್ಲಿಕ್ಕೆ ಫೀಸು ಕೊಡುದಾ ಟೀಚರೇ?" ಅಂತ ಒಬ್ಬರು ನೇರವಾಗಿ ಕೇಳಿದರು. ಹೊಯ್ಗೆ ಅಂದರೆ ಮರಳು. ತಲೆಗೆ ತಿಂಗಳಿಗೆ 800 ರೂಪಾಯಿ. ನೀವೇ ಲೆಕ್ಕ ಹಾಕಿ. ಬಾಡಿಗೆ ಕಟ್ಟಲು ಬಳೆ ಅಡವಿಟ್ಟೆ.

ಕೊನೆಗೆ ಕೆಲಸಕ್ಕೆ ಬಂದದ್ದು ಪುಕ್ಕಟೆ ಸಾಮಾನು. ಅಡಿಕೆ ಹಾಳೆ! ಒಬ್ಬ ಕೂರುವುದು, ಇಬ್ಬರು ಎಳೆಯುವುದು. ಭುಜಕ್ಕೆ ಅದಕ್ಕಿಂತ ಒಳ್ಳೆ ಕೆಲಸ ನಾನು ಕಂಡಿಲ್ಲ. ಆಮೇಲೆ ಗೆರಟೆಯಲ್ಲಿ, ಅಂದರೆ ತೆಂಗಿನ ಚಿಪ್ಪಿನಲ್ಲಿ, ಹೊಯ್ಗೆ ತುಂಬಿ ಸುರಿಯುವುದು, ಒದ್ದೆ ಬಟ್ಟೆ ಹಿಂಡುವುದು. ಇದು ಮಣಿಕಟ್ಟಿಗೆ. ಬೆರಳಿಗೆ ಚೆನ್ನೆಮಣೆ, 14 ಗುಳಿಯ ಮರದ ಆಟದ ಹಲಗೆ. ಗುಳಿಗೊಂದು ಬೀಜ ಹಾಕುತ್ತಾ ಹೋದರೆ ಹೆಬ್ಬೆರಳು, ತೋರುಬೆರಳು ತಾವಾಗಿ ಜೋಡಿಯಾಗುತ್ತವೆ. ನಮ್ಮಲ್ಲಿ ಚೆನ್ನೆ ಆಡುವುದು ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಅನ್ನುವ ವಾಡಿಕೆ. ಆಟಿ ಕಳೆದ ಮೇಲೂ ಚೆನ್ನೆ ಆಡಿಸುತ್ತೀಯಲ್ಲ ಅಂತ ಅಡುಗೆ ಅಜ್ಜಿ ಮಾತ್ರ ಮುನಿಸಿಕೊಂಡರು.

ಇದರಲ್ಲೂ ಎಡವಿದೆ. ಮಂಜೊಟ್ಟಿ ಅನ್ನುವ ಸಣ್ಣ ಕೆಂಪು ಬೀಜ ಇಟ್ಟಿದ್ದೆ, ಒಬ್ಬಳು ಒಂದನ್ನು ಮೂಗಿಗೆ ತುರುಕಿಕೊಂಡಳು. ಡಾಕ್ಟರ ಹತ್ತಿರ ಓಡಿದೆವು. 1,500 ರೂಪಾಯಿ ಹೋಯಿತು, ಅವಳ ಅಮ್ಮನ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ. ಈಗ ಸಣ್ಣವರಿಗೆ ದೊಡ್ಡ ಗಜ್ಜುಗ, ಅದೂ ನಾನು ಪಕ್ಕದಲ್ಲಿ ಕೂತಾಗ ಮಾತ್ರ.

ಪೆನ್ಸಿಲ್ ಯಾವಾಗ? ಹೊಯ್ಗೆಯಲ್ಲಿ ಬೆರಳಿಂದ ಬರೆಸಿ ನೋಡುತ್ತೇನೆ. ಮೂರರ ಹೊತ್ತಿಗೆ ಸೊನ್ನೆ, ನಾಲ್ಕಕ್ಕೆ ಪ್ಲಸ್ ಗುರುತು, ನಾಲ್ಕೂವರೆಗೆ ಚೌಕ, ಐದಕ್ಕೆ ತ್ರಿಕೋನ. ಕೆಲವರದ್ದು ಆಚೀಚೆ ಆಗುತ್ತದೆ. ಚೌಕ ಬಂದವರಿಗೇ ಪೆನ್ಸಿಲ್. ಮೂಲೆ ತಿರುಗಿಸಲು ನನ್ನದೊಂದು ಹಾಡಿದೆ, ಅದು ಇಲ್ಲಿ ಬೇಡ. ಬಂದವರಿಗೆ ತೋರಿಸುತ್ತೇನೆ. ಮೂರನೇ ಬ್ಯಾಚಿನ 18ರಲ್ಲಿ 15 ಮಕ್ಕಳು ಎರಡು ತಿಂಗಳಲ್ಲಿ ಸ್ವರ ಪೂರ್ತಿ ಬರೆದರು. ಮೊದಲು ಅದಕ್ಕೆ ವರ್ಷವಿಡೀ ಬೇಕಿತ್ತು.

ಜಗಳಕ್ಕೆ ಬಂದ ಅಪ್ಪನೊಬ್ಬನಿಗೆ ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ಗೆಸೆಲ್ 1929ರಲ್ಲಿ ಬರೆದ ಅವಳಿ ಮಕ್ಕಳ ಕಥೆ ಹೇಳಿದೆ. ಒಂದಕ್ಕೆ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತಿಸಿದರು. ಇನ್ನೊಂದಕ್ಕೆ 53ನೇ ವಾರದಿಂದ ಎರಡೇ ವಾರ. ಕೊನೆಗೆ ಎರಡೂ ಹೆಚ್ಚುಕಮ್ಮಿ ಸಮ. ಆ ಅಪ್ಪ ಒಪ್ಪಲಿಲ್ಲ, ಆದರೆ ಮಗಳನ್ನು ಬಿಡಿಸಲೂ ಇಲ್ಲ.

ನಡುವೆ ಇನ್ನೊಂದು ಪ್ರಯೋಗ. ಒಬ್ಬ ಹುಡುಗ ಮೂರು ವಾರ ಜಗಲಿಯಿಂದ ಇಳಿಯಲೇ ಇಲ್ಲ. ಸುಮ್ನೆ ನೋಡುವುದು. ಮನೆಯವರು ಪುಕ್ಕಲ ಅಂದರು. ಯಾರೂ ಅವನನ್ನು "ಬಾ" ಅನ್ನಬಾರದು ಅಂತ ಕಟ್ಟು ಮಾಡಿದೆ. ಬೀಜದ ಡಬ್ಬಿ ಕಾಯುವ ಕೆಲಸ ಮಾತ್ರ ಕೊಟ್ಟೆ. ನಾಲ್ಕನೇ ವಾರ ತಾನೇ ಇಳಿದು ಹಾಳೆ ಎಳೆದ. ಈಗಲೂ ಮಾತು ಕಮ್ಮಿ. ಇರಲಿ, ಅದು ಅವನ ಸ್ವಭಾವ.

ಡಬ್ಬಿ ಈಗಲೂ ಅವನದ್ದೇ. ದಿನಾ ಸಂಜೆ ಎಣಿಸುತ್ತಾನೆ. 14 ಗುಳಿಗೆ ನಾಲ್ಕರಂತೆ 56 ಇರಬೇಕು, 53 ಇದೆ. ಮೂರು ಎಲ್ಲಿ ಹೋಯಿತೋ, ಮೂಗಿಗಂತೂ ಅಲ್ಲ.